ಮಗುವನ್ನು ಎತ್ತಿಕೊಳ್ಳುವುದಕ್ಕೂ ತರಬೇತಿಯೇ?

ಕಳೆದ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ಬಿಸಿಬೇಳೆ ಬಾತಿಗಾಗಿ ಕಾಯುತ್ತಾ ನಿಂತಿದ್ದೆವು. ನಮ್ಮ ಪರಿಚಯದ ಹುಡುಗಿಯೊಬ್ಬಳು ಹಸುಗೂಸುಗಳ ಆರೈಕೆಯ ತರಬೇತಿಗೆ ಸೇರಿದ್ದಾಳೆ, ಅದು ಮುಗಿಯಲು ಇನ್ನೂ ಕೆಲವು ವರ್ಷ ಬೇಕಂತೆ ಎಂದು ಮಾತು ಬಂತು. ಮೊಮ್ಮಗನನ್ನು ನೋಡಿಕೊಳ್ಳಲು ಹಾಸನದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಅದನ್ನು ಕೇಳಿಸಿಕೊಂಡು, "ಏನಮ್ಮಾ ಇದು, ಮಗು ಎತ್ಕೊಳ್ಳೋದಕ್ಕೂ ಟ್ರೈನಿಂಗಾ? ನಾನು ಐದು ಮಕ್ಕಳನ್ನ ಸಾಕಿದೀನಿ. ಯಾರ ಹತ್ರ ಸರ್ಟಿಫಿಕೇಟ್ ತಗೊಂಡೆ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು.

ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನಮ್ಮ ಮಗು ನಾಲ್ಕು ತಿಂಗಳಿನದಾಗಿದ್ದಾಗಲೇ ಡೇಕೇರಿಗೆ ಬಿಟ್ಟವರು. ಈ ಬಳಗದ ಅರ್ಧಕ್ಕರ್ಧ ಮನೆಗಳ ಕತೆಯೂ ಇದೇ. ಅಜ್ಜಿ ವೀಸಾದ ಅವಧಿ ಮುಗಿಸಿ ಊರಿಗೆ ಹೊರಟ ಮೇಲೆ ಮಗು ದಿನಕ್ಕೆ ಒಂಬತ್ತು ಗಂಟೆ ಯಾರ ಕೈಯಲ್ಲಿ ಇರುತ್ತದೆ? ಆ ಕೈಗೆ ಏನು ಗೊತ್ತಿದೆ, ಅದನ್ನು ಯಾರು ಕಲಿಸಿದರು? ಈ ಪ್ರಶ್ನೆಗಳಿಗೆ ಒಂದು ಚರಿತ್ರೆಯೇ ಇದೆ. ಅದು ಬುಡಾಪೆಸ್ಟಿನಲ್ಲಿ ಶುರುವಾಗಿ ನಾವಿರುವ ಈ ಲಾಸ್ ಏಂಜಲೀಸಿಗೇ ಬಂದು ಸೇರಿದ ಚರಿತ್ರೆ. ನಮಗೆ ತಿಳಿದಷ್ಟನ್ನು ಬಳಗದ ಬಂಧುಗಳೊಂದಿಗೆ ಹಂಚಿಕೊಳ್ಳೋಣವೆಂದು ಈ ಲೇಖನ.

ವಿಯೆನ್ನಾದ ಇಬ್ಬರು ಗುರುಗಳು

ಎಮ್ಮಿ ಪಿಕ್ಲರ್ ಹುಟ್ಟಿದ್ದು 1902ರಲ್ಲಿ, ವಿಯೆನ್ನಾದಲ್ಲಿ. ತಾಯಿ ಶಿಶುವಿಹಾರದ ಉಪಾಧ್ಯಾಯಿನಿ. ಮನೆಯವರು ಬುಡಾಪೆಸ್ಟಿಗೆ ಬಂದು ನೆಲೆಸಿದ ಮೇಲೆ, ಎಮ್ಮಿ ಇನ್ನೂ ಚಿಕ್ಕ ಹುಡುಗಿಯಾಗಿರುವಾಗಲೇ, ಆ ತಾಯಿ ತೀರಿಕೊಂಡರು. ಮುಂದೆ ವೈದ್ಯಕೀಯ ಓದಲು ಎಮ್ಮಿ ಮತ್ತೆ ವಿಯೆನ್ನಾಕ್ಕೆ ಹೋಗಿ 1927ರಲ್ಲಿ ಪದವಿ ಪಡೆದರು.

ಅಲ್ಲಿನ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರು ಕ್ಲೆಮೆನ್ಸ್ ಫಾನ್ ಪಿರ್ಕೆ. ಇಂದು ನಾವೆಲ್ಲ ದಿನಬಳಕೆಯಲ್ಲಿ ಹೇಳುವ 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದವರು ಇವರೇ. ಇವರ ವಾರ್ಡುಗಳಲ್ಲಿ ಕಾಯಿಲೆಯ ಮಗುವನ್ನು ಹಾಸಿಗೆಗೆ ಕಟ್ಟಿಹಾಕಿದಂತೆ ಮಲಗಿಸುವ ಪದ್ಧತಿ ಇರಲಿಲ್ಲ. ಗಾಳಿ ಬೆಳಕು, ಸಡಿಲವಾದ ಬಟ್ಟೆ, ಆಟ ಇವೆಲ್ಲ ಚಿಕಿತ್ಸೆಯ ಭಾಗವೇ ಆಗಿದ್ದವು. ಮಕ್ಕಳ ಶಸ್ತ್ರಚಿಕಿತ್ಸಕರಾಗಿದ್ದ ಹಾನ್ಸ್ ಸಾಲ್ಸರ್ ಇನ್ನೊಬ್ಬ ಗುರು. ಎಳೆಯ ಮಗುವನ್ನು ಪರೀಕ್ಷಿಸುವಾಗ ಅದನ್ನು ಅಳಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಮಗು ಅತ್ತರೆ ತಪ್ಪು ಮಗುವಿನದಲ್ಲ, ಡಾಕ್ಟರ ಕೈಯದು.

ನಮ್ಮಲ್ಲಿ ಮಗು ಅತ್ತರೆ "ಅಳಲಿ ಬಿಡು, ಎದೆ ಗಟ್ಟಿಯಾಗುತ್ತೆ" ಎನ್ನುವುದುಂಟು. ನಮ್ಮ ಕನ್ನಡದಲ್ಲಿ ಮಗು ಎಂಬುದು ನಪುಂಸಕಲಿಂಗ ಬೇರೆ. "ಅದು ಅಳ್ತಾ ಇದೆ, ಅದಕ್ಕೆ ಹಸಿವಾಗಿದೆ" ಎನ್ನುತ್ತೇವೆ. ಪ್ರೀತಿಯಿಂದಲೇ ಹಾಗೆನ್ನುತ್ತೇವೆ, ನಿಜ. ಆದರೂ ಆ 'ಅದು' ಒಬ್ಬ ವ್ಯಕ್ತಿ, ನಮ್ಮ ಕೈ ತಾಗಿದಾಗಲೆಲ್ಲ ನಮ್ಮ ಬಗ್ಗೆ ಏನನ್ನೋ ತಿಳಿದುಕೊಳ್ಳುತ್ತಿರುವ ವ್ಯಕ್ತಿ, ಎಂಬ ಮಾತು ವೈದ್ಯರ ಬಾಯಲ್ಲೂ ಆಗ ಹೊಸದೇ ಆಗಿತ್ತು.

ಪಿಕ್ಲರ್ ಮದುವೆಯಾದದ್ದು ಜ್ಯೋರ್ಜ್ ಪೇಟರ್ ಎಂಬ ಗಣಿತಜ್ಞರನ್ನು. 1930ರ ದಶಕದ ಆರಂಭದಲ್ಲಿ ಹುಟ್ಟಿದ ಮೊದಲ ಮಗಳು ಆನ್ನಾಳನ್ನು ಇಬ್ಬರೂ ಸೇರಿ ಒಂದು ನಿರ್ಧಾರದಿಂದ ಬೆಳೆಸಿದರು. ಮಗು ತಾನಾಗಿ ಕೂರುವ ಮೊದಲು ಕೂರಿಸುವುದಿಲ್ಲ, ತಾನಾಗಿ ನಿಲ್ಲುವ ಮೊದಲು ಕೈಹಿಡಿದು ನಿಲ್ಲಿಸುವುದಿಲ್ಲ, ನಡೆಸುವುದೂ ಇಲ್ಲ. ಬೆನ್ನಮೇಲೆ ಮಲಗಿಸಿ, ಸುತ್ತ ಜಾಗ ಕೊಟ್ಟು, ಅದರ ಹೊತ್ತಿಗೆ ಅದು ಬೆಳೆಯಲಿ ಎಂದು ಕಾದರು. ಆನ್ನಾ ಹೊರಳಿದಳು, ತೆವಳಿದಳು, ಕುಳಿತಳು, ನಡೆದಳು. ಯಾರೂ ಕಲಿಸಲಿಲ್ಲ.

ಬುಡಾಪೆಸ್ಟಿಗೆ ಬಂದ ಮೇಲೆ ಪಿಕ್ಲರ್ ಸುಮಾರು ಹತ್ತು ವರ್ಷ ಮನೆ ಮನೆಗೆ ಹೋಗುವ ಮಕ್ಕಳ ಡಾಕ್ಟರಾಗಿ ಕೆಲಸ ಮಾಡಿದರು. ನೂರರಷ್ಟು ಕುಟುಂಬಗಳು. ಕಾಯಿಲೆ ಬಂದಾಗ ಮಾತ್ರ ಅಲ್ಲ, ಮಗು ಚೆನ್ನಾಗಿರುವಾಗಲೂ ಹೋಗಿ ಕುಳಿತು, ನೋಡಿ, ತಾಯಂದಿರೊಡನೆ ಮಾತಾಡಿ ಬರುತ್ತಿದ್ದರು. ಅದು ಕಷ್ಟದ ಕಾಲ. ಪಿಕ್ಲರ್ ಯಹೂದಿ ಮನೆತನದವರು. ಗಂಡ ರಾಜಕೀಯ ಕಾರಣಗಳಿಗಾಗಿ ಹಲವು ವರ್ಷ ಸೆರೆಮನೆಯಲ್ಲಿದ್ದರು. ಯುದ್ಧದ ಕೊನೆಯ ವರ್ಷಗಳಲ್ಲಿ ಎಮ್ಮಿ ಮತ್ತು ಅವರ ಮನೆಯವರು ಉಳಿದುಕೊಂಡದ್ದು, ಅವರು ನೋಡಿಕೊಂಡಿದ್ದ ಮಕ್ಕಳ ತಂದೆತಾಯಿಯರ ನೆರವಿನಿಂದ.

ಈ ಮನೆಗಳಲ್ಲಿ ಒಂದು ಮನೆಯ ಕತೆ ಹೇಳಲೇಬೇಕು. ಮಾಗ್ದಾ ಗರ್ಬರ್ ಎಂಬ ತಾಯಿಯ ಮಗಳಿಗೆ ಹುಷಾರಿರಲಿಲ್ಲ. ವಾಡಿಕೆಯ ಡಾಕ್ಟರು ಸಿಗಲಿಲ್ಲ. ಪಿಕ್ಲರ್ ಮಗಳೂ ಈ ಹುಡುಗಿಯೂ ಒಂದೇ ಶಾಲೆಯವರು, ಹಾಗಾಗಿ ಪಿಕ್ಲರ್ ಅವರನ್ನು ಕರೆಸಿದರು. ಡಾಕ್ಟರು ಬಂದ ಕೂಡಲೇ ತಾಯಿ ಮಗಳ ಕಾಯಿಲೆಯ ವಿವರ ಹೇಳಲು ಬಾಯಿ ತೆರೆದರು. ಪಿಕ್ಲರ್ ಕೈಸನ್ನೆಯಿಂದಲೇ ಅವರನ್ನು ಸುಮ್ಮನಾಗಿಸಿ, ಮಗುವಿನ ಕಡೆ ತಿರುಗಿ, ಮಗುವನ್ನೇ ಕೇಳಿದರು. ಮಗು ಹೇಳಿತು, ಡಾಕ್ಟರು ಕೇಳಿಸಿಕೊಂಡರು. ಆ ದಿನ ಕಂಡದ್ದು ಮಾಗ್ದಾ ಅವರ ಬದುಕಿನ ದಾರಿಯನ್ನೇ ತಿರುಗಿಸಿತು. ಅವರ ವಿಷಯಕ್ಕೆ ಮತ್ತೆ ಬರುತ್ತೇವೆ.

ಲೋತ್ಸಿ ಬೀದಿಯ ಶಿಶುಗೃಹ

ಯುದ್ಧ ಮುಗಿದಾಗ ಯೂರೋಪಿನ ಊರೂರಲ್ಲಿ ದಿಕ್ಕಿಲ್ಲದ ಮಕ್ಕಳು. ತಂದೆತಾಯಿ ಸತ್ತವರು, ಕ್ಷಯರೋಗದ ತಾಯಿಯಿಂದ ದೂರ ಇರಿಸಬೇಕಾದವರು. 1946ರಲ್ಲಿ ಬುಡಾಪೆಸ್ಟಿನ ಲೋತ್ಸಿ ಬೀದಿಯ ಒಂದು ಮನೆಯಲ್ಲಿ ಇಂಥ ಎಳೆಯ ಮಕ್ಕಳಿಗಾಗಿ ಶಿಶುಗೃಹವೊಂದನ್ನು ತೆರೆದು ನಡೆಸುವ ಹೊಣೆ ಪಿಕ್ಲರ್ ಅವರ ಮೇಲೆ ಬಂತು. ಬೀದಿಯ ಹೆಸರಿನಿಂದಲೇ ಅದು 'ಲೋತ್ಸಿ' ಎಂದು ಪ್ರಪಂಚಕ್ಕೆ ಪರಿಚಯವಾಯಿತು.

ಆ ಕಾಲದ ಅನಾಥಾಲಯಗಳೆಂದರೆ ಏನೆಂದು ತಿಳಿದರೆ ಈ ಕೆಲಸದ ಭಾರ ಅರ್ಥವಾಗುತ್ತದೆ. 1945ರಲ್ಲಿ ರೆನೆ ಸ್ಪಿಟ್ಸ್ ಎಂಬ ಮನೋವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ ಅನಾಥಾಲಯದಲ್ಲಿ ಸ್ವಚ್ಛತೆ, ಆಹಾರ, ವೈದ್ಯರು ಎಲ್ಲವೂ ಇದ್ದವು, ಆದರೂ ಮಕ್ಕಳು ಬಾಡುತ್ತಿದ್ದರು. ಮಾತಿಲ್ಲ, ನಗುವಿಲ್ಲ, ಬೆಳವಣಿಗೆಯಿಲ್ಲ. ಅನೇಕರು ಸತ್ತೇ ಹೋದರು. ಅದೇ ಹೊತ್ತಿಗೆ ಜೈಲಿನೊಳಗಿನ ಶಿಶುಗೃಹದಲ್ಲಿ ಕೈದಿ ತಾಯಂದಿರೇ ನೋಡಿಕೊಳ್ಳುತ್ತಿದ್ದ ಮಕ್ಕಳು ಚೆನ್ನಾಗಿ ಬೆಳೆಯುತ್ತಿದ್ದರು. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯೂ, ತಾಯಿಯ ಆರೈಕೆ ತಪ್ಪಿದ ಮಗುವಿಗೆ ಆಗುವ ಹಾನಿಯನ್ನೇ ಎತ್ತಿ ಹೇಳಿತು. ಹಾಲು ಕುಡಿಸಿ ಬಟ್ಟೆ ಬದಲಾಯಿಸಿದರೆ ಮಗು ಬದುಕುತ್ತದೆ ಎಂಬ ನಂಬಿಕೆ ಕುಸಿದುಬಿತ್ತು.

ಲೋತ್ಸಿಯಲ್ಲಿ ಮೊದಲು ಕೆಲಸಕ್ಕೆ ಇದ್ದವರು ತರಬೇತಾದ ದಾದಿಯರೇ. ಅವರು ಚುರುಕು, ಶಿಸ್ತು, ಎಲ್ಲವೂ ಸರಿ. ಆದರೆ ಸಾಲಾಗಿ ಮಲಗಿಸಿದ ಮಕ್ಕಳಿಗೆ ಸಾಲಾಗಿ ಹಾಲು ಕುಡಿಸಿ, ಸಾಲಾಗಿ ಒರೆಸಿ, ಬೇಗ ಬೇಗ ಮುಗಿಸುವುದೇ ಅವರು ಕಲಿತ ವಿದ್ಯೆ. ಆ ಅಭ್ಯಾಸವನ್ನು ಬಿಡಿಸಲು ಪಿಕ್ಲರ್ ಪ್ರಯತ್ನಪಟ್ಟರು, ಆಗಲಿಲ್ಲ. ಕೊನೆಗೆ ಅವರನ್ನೆಲ್ಲ ಕಳಿಸಿ, ಈ ವೃತ್ತಿಯ ತರಬೇತಿಯೇ ಇಲ್ಲದ, ಆದರೆ ಮಕ್ಕಳಲ್ಲಿ ಆಸಕ್ತಿ ಇದ್ದ ಯುವತಿಯರನ್ನು ಸೇರಿಸಿಕೊಂಡು ಮೊದಲಿಂದ ಕಲಿಸಲು ಕುಳಿತರು.

ಬಂಧುಗಳೇ, ನಮ್ಮ ಕತೆಯ ತಿರುಳು ಇಲ್ಲೇ ಇದೆ. ತರಬೇತಿ ಪಡೆದವರನ್ನು ಕಳಿಸಿ ಪಡೆಯದವರನ್ನು ಕರೆದರಲ್ಲ, ಹಾಗಾದರೆ ತರಬೇತಿ ಬೇಡವೆಂದೇ? ಅಲ್ಲ. ಕಲಿಯುವುದಕ್ಕಿಂತ ಕಲಿತದ್ದನ್ನು ಬಿಡುವುದು ಕಷ್ಟ ಎಂದು ಅದರ ಅರ್ಥ. ಕೈಗೆ ಹತ್ತಿದ ಆತುರ ಬಿಟ್ಟುಹೋಗಲು ಒಂದು ವಾರದ ಕೋರ್ಸ್ ಸಾಲದು.

ಆ ಯುವತಿಯರು ಕಲಿತದ್ದೇನು? ಒಂದು ಡಯಾಪರ್ ಬದಲಾವಣೆಯನ್ನೇ ತೆಗೆದುಕೊಳ್ಳಿ. ಮಗುವಿನ ಹತ್ತಿರ ಬಂದು, ಅದರ ಮುಖ ನೋಡಿ, ಹೆಸರು ಹಿಡಿದು ಕರೆಯಬೇಕು. "ಈಗ ನಿನ್ನನ್ನು ಎತ್ತಿಕೊಳ್ಳುತ್ತೇನೆ" ಎಂದು ಹೇಳಿ ಕೈ ಚಾಚಬೇಕು. ಚಾಚಿ, ಕಾಯಬೇಕು. ಮಗು ಕತ್ತು ತಿರುಗಿಸಿ, ಮೈ ಬಿಗಿಮಾಡಿ ಏನಾದರೊಂದು ಉತ್ತರ ಕೊಡುವವರೆಗೂ ಕಾದು ಆಮೇಲೆ ಎತ್ತಬೇಕು. ತೋಳು ಹಾಕಿಸುವ ಮೊದಲು ಅಂಗಿ ತೋರಿಸಬೇಕು. ಪ್ರತಿ ದಿನವೂ ಅದೇ ಕ್ರಮ, ಏಕೆಂದರೆ ಮುಂದೇನೆಂದು ಮಗುವಿಗೆ ಗೊತ್ತಿದ್ದರೆ ಅದೂ ಕೆಲಸದಲ್ಲಿ ಪಾಲುಗೊಳ್ಳುತ್ತದೆ, ಕೆಲವು ತಿಂಗಳಲ್ಲಿ ತಾನೇ ಕೈ ಮುಂದೆ ಮಾಡುತ್ತದೆ. ಒಂದು ಮಗುವಿಗೆ ಸ್ನಾನವೋ ಊಟವೋ ಆಗುತ್ತಿರುವಷ್ಟು ಹೊತ್ತು ದಾದಿಯ ಗಮನ ಪೂರ್ತಿ ಆ ಮಗುವಿನದು. ಉಳಿದವರು ಸುರಕ್ಷಿತವಾದ ಜಾಗದಲ್ಲಿ ತಮ್ಮಷ್ಟಕ್ಕೆ ಆಡುತ್ತಿರುತ್ತಾರೆ. ಸರದಿಯೂ ದಿನಾ ಒಂದೇ. ಆದ್ದರಿಂದ ತನ್ನ ಸರದಿ ಬಂದೇ ಬರುತ್ತದೆಂದು ಕೊನೆಯ ಮಗುವಿಗೂ ಗೊತ್ತು.

ಒಂದು ಗುಂಪಿನಲ್ಲಿ ಎಂಟೊಂಬತ್ತು ಮಕ್ಕಳು. ಗುಂಪಿನ ದಾದಿಯರು ಬದಲಾಗುತ್ತಿರಲಿಲ್ಲ, ಗುಂಪೂ ಒಡೆಯುತ್ತಿರಲಿಲ್ಲ. ಅವರಲ್ಲಿ ಪ್ರತಿ ಮಗುವಿಗೂ 'ತನ್ನವಳು' ಎಂದು ಒಬ್ಬಳು ಇರುತ್ತಿದ್ದಳು. ಆ ಮಗುವಿನ ದಿನಚರಿ ಬರೆದಿಡುವ ಹೊಣೆ ಅವಳದು. ಇಂದು ಯಾವ ಆಟಿಕೆ ಹಿಡಿಯಿತು, ಎಷ್ಟು ಉಂಡಿತು, ಯಾವಾಗ ಮೊದಲ ಬಾರಿಗೆ ಮಗ್ಗುಲಾಯಿತು ಎಂದೆಲ್ಲ ಬರೆಯಬೇಕು. ಬರೆಯಬೇಕಾದರೆ ನೋಡಬೇಕು, ನೋಡಬೇಕಾದರೆ ನಿಧಾನವಾಗಬೇಕು. ಪಿಕ್ಲರ್ ಮತ್ತು ಅವರ ಸಹೋದ್ಯೋಗಿಗಳು ಆ ಬರಹಗಳನ್ನು ಓದಿ, ಕೆಲಸ ನೋಡಿ, ಕೂಡಿ ಕುಳಿತು ಚರ್ಚಿಸುತ್ತಿದ್ದರು. ಕೆಲಸಕ್ಕೆ ಸೇರಿದ ದಾದಿಯ ಕಲಿಕೆ ಒಂದು ದಿನ ಮುಗಿದುಹೋಗುವಂಥದ್ದಾಗಿರಲಿಲ್ಲ, ಅಲ್ಲಿ ಇರುವಷ್ಟು ಕಾಲವೂ ನಡೆಯುತ್ತಿತ್ತು.

ಹೀಗೆ ಕೂಡಿಟ್ಟ ದಾಖಲೆಗಳಿಂದಲೇ ಪಿಕ್ಲರ್ 722 ಮಕ್ಕಳ ಚಲನೆಯ ಬೆಳವಣಿಗೆಯನ್ನು ಕುರಿತು ಅಧ್ಯಯನ ಪ್ರಕಟಿಸಿದರು. ಯಾರೂ ಕೂರಿಸದೆ, ನಿಲ್ಲಿಸದೆ, ನಡೆಸದೆ ಬಿಟ್ಟರೂ ಮಕ್ಕಳು ತಮ್ಮ ತಮ್ಮ ಕಾಲಕ್ಕೆ ಇವೆಲ್ಲವನ್ನೂ ಮಾಡುತ್ತಾರೆ ಎಂದು ಅದು ತೋರಿಸಿತು. 1971ರಲ್ಲಿ ಫ್ರಾನ್ಸಿನಿಂದ ಮಿರಿಯಾಮ್ ದಾವೀದ್ ಮತ್ತು ಜೆನೆವಿಯೆವ್ ಅಪೆಲ್ ಎಂಬ ತಜ್ಞೆಯರು ಬಂದು ಲೋತ್ಸಿಯನ್ನು ನೋಡಿದರು. ಅನಾಥಾಲಯಗಳ ದುಃಖವನ್ನು ಚೆನ್ನಾಗಿ ಬಲ್ಲವರು ಅವರು. ಇಲ್ಲಿ ಮಕ್ಕಳು ಬಾಡಿರಲಿಲ್ಲ. ತಾವು ಕಂಡದ್ದನ್ನು 1973ರಲ್ಲಿ ಪುಸ್ತಕ ಮಾಡಿ, ಇದು ತಾಯ್ತನವೇ, ಆದರೆ ವಾಡಿಕೆಯದಲ್ಲ ಎಂಬ ಅರ್ಥದ ಹೆಸರಿಟ್ಟರು. ದಾದಿ ತಾಯಿಯ ನಟನೆ ಮಾಡುತ್ತಿರಲಿಲ್ಲ. ತನ್ನ ಪ್ರೀತಿಯ ಬಾಯಾರಿಕೆಯನ್ನು ಮಗುವಿನ ಮೇಲೆ ಹೇರುತ್ತಿರಲಿಲ್ಲ. ಆದರೆ ಪ್ರತಿ ದಿನ, ಪ್ರತಿ ಸ್ನಾನದಲ್ಲಿ, ಮಗುವಿಗೆ ನಂಬಬಹುದಾದ ಮನುಷ್ಯಳಾಗಿರುತ್ತಿದ್ದಳು.

ಲಾಸ್ ಏಂಜಲೀಸಿಗೆ ಬಂದದ್ದು

ಈಗ ಮಾಗ್ದಾ ಗರ್ಬರ್ ವಿಷಯ. 1910ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಅವರು ಪ್ಯಾರಿಸಿನ ಸೊರ್ಬಾನ್‌ನಲ್ಲಿ ಭಾಷಾಶಾಸ್ತ್ರ ಓದಿದ್ದವರು. ಪಿಕ್ಲರ್ ತಮ್ಮ ಮಗಳೊಡನೆ ನಡೆದುಕೊಂಡ ರೀತಿ ಕಂಡ ಮೇಲೆ, ಎಳೆಯ ಮಕ್ಕಳ ಶಿಕ್ಷಣವನ್ನೇ ಓದಿ, ಪಿಕ್ಲರ್ ಅವರ ಬಳಿ ಕಲಿತರು. 1956ರ ಹಂಗೆರಿಯ ದಂಗೆಯ ನಂತರ ದೇಶ ಬಿಟ್ಟು, ಆಸ್ಟ್ರಿಯಾದ ಮೂಲಕ 1957ರಲ್ಲಿ ಅಮೆರಿಕಾಕ್ಕೆ ಬಂದರು, ಮುಂದೆ ಲಾಸ್ ಏಂಜಲೀಸಿನಲ್ಲಿ ನೆಲೆಸಿದರು. ಹೊಸ ದೇಶ, ಹೊಸ ಭಾಷೆ, ಹಳೆಯ ಪದವಿಗೆ ಬೆಲೆಯಿಲ್ಲ. ಈ ಕಷ್ಟವನ್ನು ನಮ್ಮಲ್ಲಿ ಅನೇಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವರು ಇಲ್ಲಿ ಮೊದಲು ಕೆಲಸ ಮಾಡಿದ್ದು ಸೆರೆಬ್ರಲ್ ಪಾಲ್ಸಿ ಇದ್ದ ಮಕ್ಕಳೊಡನೆ, ಆಟಿಸಂ ಇದ್ದ ಮಕ್ಕಳೊಡನೆ.

1970ರ ದಶಕದ ಆರಂಭದಲ್ಲಿ ಮಕ್ಕಳ ನರರೋಗ ತಜ್ಞ ಟಾಮ್ ಫಾರೆಸ್ಟ್ ಅವರೊಡನೆ ಪಾಲೋ ಆಲ್ಟೋದಲ್ಲಿ ಹಸುಗೂಸುಗಳಿಗಾಗಿ ಒಂದು ಕಾರ್ಯಕ್ರಮ ನಡೆಸಿದರು. 1978ರಲ್ಲಿ ಇಬ್ಬರೂ ಸೇರಿ ಲಾಸ್ ಏಂಜಲೀಸಿನಲ್ಲಿ 'ರಿಸೋರ್ಸಸ್ ಫಾರ್ ಇನ್‌ಫೆಂಟ್ ಎಜುಕೇರರ್ಸ್' ಎಂಬ ಸಂಸ್ಥೆ ಕಟ್ಟಿದರು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ 'ರೈ' ಎನ್ನುತ್ತಾರೆ. 'ಎಜುಕೇರರ್' ಎಂಬುದು ಗರ್ಬರ್ ಹೊಸೆದ ಪದ. ಕಲಿಸುವುದು ಬೇರೆ, ಆರೈಕೆ ಬೇರೆ ಅಲ್ಲ. ಡಯಾಪರ್ ಬದಲಾಯಿಸುವಾಗಲೇ ಮಗು ಲೋಕದ ಬಗ್ಗೆ ಕಲಿಯುತ್ತಿರುತ್ತದೆ ಎಂಬುದು ಆ ಪದದ ಒಳಗಿರುವ ಮಾತು.

ಇಲ್ಲಿನ ವೃತ್ತಿ ತರಬೇತಿ ಮೂರು ಮೆಟ್ಟಿಲಿನದು. ಮೊದಲನೆಯದು ವಿಚಾರ ಮತ್ತು ವೀಕ್ಷಣೆ. ಎರಡನೆಯದು ಅಭ್ಯಾಸ. ಮೂರನೆಯದು ಅನುಭವಿಯೊಬ್ಬರ ಕಣ್ಣೆದುರಿಗೆ ತಾನೇ ನಡೆಸುವ ಇಂಟರ್ನ್‌ಶಿಪ್. ಪೂರ್ತಿ ಮುಗಿಸಲು ವರ್ಷಗಳೇ ಹಿಡಿಯುತ್ತವೆ. ಮೊದಲ ಮೆಟ್ಟಿಲಿನ ಮುಖ್ಯ ಕೆಲಸ ಕೇಳಿದರೆ ನಮ್ಮ ಅಜ್ಜಿ ಇನ್ನೊಮ್ಮೆ ನಗುತ್ತಾರೆ: ಸುಮ್ಮನೆ ಕುಳಿತು ಮಗುವನ್ನು ನೋಡುವುದು.

ನಾವು ಕೆಲವು ವಾರ ಈ ಬಗೆಯ ಒಂದು ಪೋಷಕ-ಶಿಶು ತರಗತಿಗೆ ಹೋಗಿದ್ದೆವು. ದೊಡ್ಡವರೆಲ್ಲ ಗೋಡೆಗೆ ಒರಗಿ ನೆಲದ ಮೇಲೆ ಕೂರಬೇಕು, ಮಕ್ಕಳು ನಡುವೆ. ಮೊದಲ ದಿನ ನಮಗೆ ಹತ್ತು ನಿಮಿಷ ಸುಮ್ಮನಿರಲು ಆಗಲಿಲ್ಲ. ಮಗು ಚೆಂಡಿನ ಕಡೆ ತೆವಳಿದರೆ ನಾವೇ ಚೆಂಡು ಉರುಳಿಸಿಕೊಡುತ್ತಿದ್ದೆವು. ಇಬ್ಬರು ಮಕ್ಕಳು ಒಂದೇ ಬಟ್ಟಲಿಗೆ ಕೈಹಾಕಿದಾಗ ಎದ್ದು ಓಡಲು ಹೊರಟೆವು. ತರಗತಿ ನಡೆಸುವಾಕೆ ಓಡಲಿಲ್ಲ. ಹತ್ತಿರ ಹೋಗಿ, ಮಕ್ಕಳ ಮಟ್ಟಕ್ಕೆ ಕುಳಿತು, "ನಿನಗೂ ಬೇಕು, ನಿನಗೂ ಬೇಕು" ಎಂದಷ್ಟೇ ಹೇಳಿ, ಪೆಟ್ಟಾಗದಂತೆ ಕೈ ಅಡ್ಡ ಇಟ್ಟು ಕಾದರು. ಅರ್ಧ ನಿಮಿಷದಲ್ಲಿ ಒಂದು ಮಗು ಬಟ್ಟಲು ಬಿಟ್ಟು ಬೇರೆಡೆ ಹೋಯಿತು. ಆ ಅರ್ಧ ನಿಮಿಷ ಕಾಯುವುದನ್ನು ಕಲಿಯಲು ಎಷ್ಟು ದಿನ ಬೇಕಾಯಿತು ಎಂದು ಕೇಳಿದೆವು. "ಇನ್ನೂ ಕಲಿಯುತ್ತಿದ್ದೇನೆ" ಎಂದರು ಆಕೆ.

ಗರ್ಬರ್ ಅವರ ಶಿಷ್ಯೆ ಜಾನೆಟ್ ಗೊನ್ಜಾಲೆಜ್-ಮೀನಾ, ಡಯಾನ್ ಐಯರ್ ಅವರೊಡನೆ 1980ರಲ್ಲಿ ಬರೆದ ಪಠ್ಯಪುಸ್ತಕ ಕಾಲೇಜುಗಳ ಶಿಶುಪಾಲನಾ ತರಗತಿಗಳನ್ನು ಸೇರಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಣ ಇಲಾಖೆ ಶಿಶುಪಾಲಕರಿಗಾಗಿ ಆರಂಭಿಸಿದ ತರಬೇತಿ ಯೋಜನೆಯಲ್ಲೂ ಇದೇ ಧೋರಣೆ ಕಾಣುತ್ತದೆ. ಪ್ರತಿ ಮಗುವಿಗೂ ಗೊತ್ತಾದ ಒಬ್ಬ ಪಾಲಕಿ, ಚಿಕ್ಕ ಗುಂಪು, ವರ್ಷಗಟ್ಟಲೆ ಬದಲಾಗದ ಕೈ. ಪಿಕ್ಲರ್ 1984ರಲ್ಲಿ ತೀರಿಕೊಂಡರು, ಗರ್ಬರ್ 2007ರಲ್ಲಿ.

ನಮ್ಮ ಊರಿನ ನೀರೆರೆಯುವಾಕೆ

ಅಜ್ಜಿಯ ಪ್ರಶ್ನೆಯನ್ನು ನಾವು ಮರೆತಿಲ್ಲ. ನಮ್ಮ ಕಡೆ ಬಾಣಂತಿ ಮನೆಗೆ ನೀರೆರೆಯಲು ಒಬ್ಬಾಕೆ ಬರುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕೈಯಲ್ಲಿ ಬಿಸಿ ನೋಡಿ ನೋಡಿ ನೀರು ಹೊಯ್ಯುತ್ತಿದ್ದರು. ಆ ಕೈಯ ಹಿಡಿತ ಒಂದು ದಿನದಲ್ಲಿ ಬಂದದ್ದಲ್ಲ. ತಾಯಿಯ ಪಕ್ಕ, ಅತ್ತೆಯ ಪಕ್ಕ ಕುಳಿತು ಎಷ್ಟೋ ಕೂಸುಗಳಿಗೆ ಎರೆದು ಬಂದದ್ದು. ಐದು ಮಕ್ಕಳನ್ನು ಸಾಕಿದ ನಮ್ಮ ಅಜ್ಜಿಗೂ ಸರ್ಟಿಫಿಕೇಟ್ ಇರಲಿಲ್ಲ, ತರಬೇತಿ ಇತ್ತು. ಅತ್ತೆ, ಓರಗಿತ್ತಿ, ನೆರೆಮನೆಯಾಕೆ ಎಲ್ಲರೂ ಗುರುಗಳೇ. ಆ ಪಾಠಶಾಲೆ ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಇಲ್ಲ. ಇಲ್ಲದಿರುವಲ್ಲಿ ಬೇರೊಂದನ್ನು ಕಟ್ಟಬೇಕಾಗುತ್ತದೆ.

ಹಾಗೆಂದು ನಮ್ಮದೆಲ್ಲ ಸರಿ ಎಂದೂ ಹೇಳಲಾರೆವು. ಕೂಸು ಚೀರುತ್ತಿದ್ದರೂ ಎರೆದು ಮುಗಿಸುವುದು, ನಾಲ್ಕು ತಿಂಗಳಿಗೇ ದಿಂಬು ಒತ್ತರಿಸಿ ಕೂರಿಸುವುದು, ವಾಕರಿನಲ್ಲಿ ಇಳಿಬಿಡುವುದು ಇವು ಪಿಕ್ಲರ್ ಒಪ್ಪುವ ಮಾತಲ್ಲ. ವಾಕರಿನ ಮಟ್ಟಿಗೆ ಡಾಕ್ಟರುಗಳೂ ಒಪ್ಪುವುದಿಲ್ಲ. ಬಿದ್ದು ಆಗುವ ಅಪಾಯಗಳ ಕಾರಣ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಅತ್ತ ಪಿಕ್ಲರ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ತಾನಾಗಿ ಹೊರಳುವವರೆಗೆ ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಬಾರದೆಂದು ಅವರ ಪದ್ಧತಿ. ಅಮೆರಿಕಾದ ಮಕ್ಕಳ ತಜ್ಞರಾದರೋ ನಿದ್ದೆಗೆ ಬೆನ್ನಮೇಲೆ ಮಲಗಿಸಿ ಎಂದು 1992ರಿಂದ ಹೇಳುತ್ತಾ ಬಂದಿದ್ದಾರೆ, ಎಚ್ಚರವಿದ್ದಾಗ ನಮ್ಮ ಕಣ್ಣೆದುರಿಗೆ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಬಿಡಿ ಎಂದೂ ಹೇಳುತ್ತಾರೆ. ಇಂಥ ವಿಷಯದಲ್ಲಿ ನಿಮ್ಮ ಮಗುವಿನ ಡಾಕ್ಟರ ಮಾತೇ ಮುಖ್ಯ. ಇನ್ನು ಲೋತ್ಸಿ ಎಷ್ಟೇ ಚೆನ್ನಾಗಿದ್ದರೂ ಅದು ಮನೆಯಲ್ಲ. ದಿಕ್ಕಿಲ್ಲದ ಮಕ್ಕಳನ್ನು ಕುಟುಂಬಗಳಲ್ಲೇ ಬೆಳೆಸಬೇಕೆಂಬ ವಿಚಾರ ಬಲಗೊಂಡ ಕಾಲದಲ್ಲಿ, 2011ರಲ್ಲಿ, ಅಲ್ಲಿನ ವಸತಿ ಶಿಶುಗೃಹವನ್ನು ಮುಚ್ಚಲಾಯಿತು. ಕಟ್ಟಡದ ಬಾಗಿಲು ಮುಚ್ಚಿದರೂ ಅಲ್ಲಿ ಕಲಿತ ಕೈಗಳು ಬೇರೆ ಬೇರೆ ದೇಶಗಳಲ್ಲಿ ಕಲಿಸುತ್ತಾ ಹೋದವು.

ಕೈಗೆ ಕೊಡುವ ಬೆಲೆ

ಈ ಚರಿತ್ರೆಯಿಂದ ನಮಗೆ ಬಹಳ ನಾಟಿದ ಮಾತೊಂದಿದೆ. ಮಗುವಿಗೆ ಗೌರವ ಸಿಗಬೇಕಾದರೆ ಮಗುವನ್ನು ನೋಡಿಕೊಳ್ಳುವವರಿಗೆ ಮೊದಲು ಗೌರವ ಸಿಗಬೇಕು. ಲೋತ್ಸಿಯ ದಾದಿ ಮಗುವಿಗೆ ಕಾಯಬಲ್ಲವಳಾಗಿದ್ದದ್ದು ಅವಳಿಗೂ ಯಾರೋ ಕಾಯುತ್ತಿದ್ದರು, ಕಲಿಸುತ್ತಿದ್ದರು, ಅವಳು ಬರೆದದ್ದನ್ನು ಓದುತ್ತಿದ್ದರು ಎಂಬ ಕಾರಣದಿಂದ.

ಅಮೆರಿಕಾದಲ್ಲಿ 1989ರಲ್ಲಿ ಐದು ನಗರ ಪ್ರದೇಶಗಳ 227 ಶಿಶುಪಾಲನಾ ಕೇಂದ್ರಗಳನ್ನು ಕುರಿತ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಸಿಬ್ಬಂದಿಯಲ್ಲಿ ವರ್ಷಕ್ಕೆ ಶೇಕಡಾ 41ರಷ್ಟು ಮಂದಿ ಕೆಲಸ ಬಿಟ್ಟು ಹೋಗುತ್ತಿದ್ದರು. ಮುಖ್ಯ ಕಾರಣ ಕಡಿಮೆ ಸಂಬಳ. ಅಂದರೆ ಹತ್ತರಲ್ಲಿ ನಾಲ್ಕು ಕೈ ವರ್ಷದೊಳಗೆ ಬದಲು. ನಮ್ಮ ಮಗುವಿನ ಮೊದಲ ವರ್ಷದಲ್ಲಿ ಅದನ್ನು ನೋಡಿಕೊಂಡವರು ಮೂರು ಸಲ ಬದಲಾದರು. ಮೂರನೆಯವರ ಹೆಸರು ನಮಗೆ ಈಗ ನೆನಪಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಗುವಿಗೆ ದಿನಾ ಊಟ ಮಾಡಿಸಿದವರ ಹೆಸರನ್ನು ನಾವು ತಿಳಿದಿಟ್ಟುಕೊಳ್ಳಲಿಲ್ಲ. ಡೇಕೇರ್ ಹುಡುಕುವಾಗ ನಾವು ನೋಡಿದ್ದು ಗೋಡೆಯ ಬಣ್ಣ, ಆಟಿಕೆ, ಫ್ರೀವೇಗೆ ಎಷ್ಟು ಹತ್ತಿರ, ತಿಂಗಳಿಗೆ ಎಷ್ಟು ಡಾಲರ್, ಇಷ್ಟೇ.

ಈಗ ಹುಡುಕುತ್ತಿರುವ ಹೊಸ ತಂದೆತಾಯಿಯರಿಗೆ ನಮ್ಮ ಅನುಭವದ ನಾಲ್ಕು ಮಾತು. ಕ್ಯಾಲಿಫೋರ್ನಿಯಾದ ನಿಯಮದಂತೆ ಕೇಂದ್ರಗಳಲ್ಲಿ ನಾಲ್ಕು ಹಸುಗೂಸುಗಳಿಗೆ ಒಬ್ಬರಾದರೂ ಇರಬೇಕು. ಅದನ್ನು ಎಣಿಸಿ ನೋಡಿ. ನಮ್ಮ ಮಗುವಿಗೆ ಗೊತ್ತಾದ ಒಬ್ಬರು ಇರುತ್ತಾರೆಯೇ, ಅವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಅವರಿಗೆ ಕಲಿಯಲು ಸಮಯ, ಸಂಬಳ ಕೊಡುತ್ತೀರಾ ಎಂದು ನಡೆಸುವವರನ್ನು ಕೇಳಿ. ಕೊನೆಯದಾಗಿ, ಅಲ್ಲೇ ಹತ್ತು ನಿಮಿಷ ಕುಳಿತು ಒಂದು ಡಯಾಪರ್ ಬದಲಾವಣೆಯನ್ನು ನೋಡಿ. ಎತ್ತುವ ಮೊದಲು ಮಗುವಿಗೆ ಹೇಳುತ್ತಾರೆಯೇ? ಮಾತು ಮಗುವಿನೊಡನೆಯೋ, ಆಚೆ ನಿಂತ ಗೆಳತಿಯೊಡನೆಯೋ? ಯಾವ ಬಣ್ಣದ ಕರಪತ್ರವೂ ಇದಕ್ಕಿಂತ ಹೆಚ್ಚು ಹೇಳಲಾರದು.

ಕಳೆದ ತಿಂಗಳು ಅಜ್ಜಿ ಊರಿಗೆ ಹೊರಡುವ ಮುನ್ನ ಅವರನ್ನು ನೋಡಿ ಬರಲು ಹೋಗಿದ್ದೆವು. ಈ ಲೇಖನದ ವಿಷಯವನ್ನೆಲ್ಲ ಹೇಳಿದೆವು. ಲೋತ್ಸಿಯ ದಾದಿಯರ ಕತೆಯನ್ನು ಗಮನವಿಟ್ಟು ಕೇಳಿದರು. "ಒಬ್ಬೊಬ್ಬಳಿಗೆ ಎಂಟೊಂಬತ್ತು ಮಕ್ಕಳಾ? ಪಾಪ, ಅವಳಿಗೆ ಊಟ ಯಾರು ಹಾಕ್ತಿದ್ರು?" ಎಂದರು. ಆಮೇಲೆ ತೊಟ್ಟಿಲ ಹತ್ತಿರ ಹೋಗಿ, ಎರಡೂ ಕೈ ಚಾಚಿ, "ಬರ್ತೀಯಾ ಬಂಗಾರ, ಅಜ್ಜಿ ಹತ್ರ ಬರ್ತೀಯಾ?" ಎಂದು ಕೇಳಿ ನಿಂತರು. ಮೊಮ್ಮಗ ನೋಡಿದ, ನಕ್ಕ, ಕಾಲು ಬಡಿದ. ಆಮೇಲೆ ಎತ್ತಿಕೊಂಡರು.

ಅಜ್ಜಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮವಾರದಿಂದ ಆ ಮಗುವನ್ನು ನೋಡಿಕೊಳ್ಳುವವರು ಬೇರೆ. ಅವರೂ ಹೀಗೆ ಕೇಳಿ, ಕಾದು, ಎತ್ತಿಕೊಳ್ಳುವವರಾಗಲಿ. ಅವರ ಹೆಸರು ನಮಗೆ ಗೊತ್ತಿರಲಿ. ದೀಪಾವಳಿಗೆ ಮನೆಯಲ್ಲಿ ಮಾಡಿದ ಚಕ್ಕುಲಿಯಲ್ಲಿ ಒಂದು ಪೊಟ್ಟಣ ಅವರಿಗೂ ಹೋಗಲಿ.

ಬಳಗದ ಹಿರಿಯರೂ ಹೊಸ ತಾಯಂದಿರೂ ತಮ್ಮ ಅನುಭವಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಈ ಮಾತನ್ನು ಮುಂದುವರಿಸೋಣ. ತಪ್ಪಿದ್ದರೆ ತಿದ್ದಿ. ಎಲ್ಲರ ಮನೆಯ ತೊಟ್ಟಿಲೂ ತಣ್ಣಗಿರಲಿ.